ಪೋ ಓದಬೇಕು, ಯಾವ ಕಥೆಯಿಂದ ಶುರು ಮಾಡಲಿ?

ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಲೇಖಕ ಎಡ್ಗರ್ ಅಲನ್ ಪೋನ ಕಥೆಗಳನ್ನು ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಒಂದು ಹೆಸರು ಹೇಳುವುದಿಲ್ಲ. ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ನಿಮಗೆ ಎಷ್ಟು ಹೊತ್ತು ಬಿಡುವಿದೆ? ಯಾವ ಥರದ ಭಯವನ್ನು ನೀವು ತಡೆದುಕೊಳ್ಳಬಲ್ಲಿರಿ?

ಹೀಗೆ ಕೇಳುವುದಕ್ಕೆ ಕಾರಣವಿದೆ. ಪಿಯುಸಿಯಲ್ಲಿದ್ದಾಗ ಲೈಬ್ರರಿಯಲ್ಲಿ ಪೋ ಕಥೆಗಳ ಒಂದು ದಪ್ಪ ಸಂಕಲನ ಸಿಕ್ಕಿತ್ತು. ಎಲ್ಲರೂ ಹೊಗಳುವ ಕಥೆ ಅದೇ ಅಲ್ವಾ ಎಂದು ‘ದ ಫಾಲ್ ಆಫ್ ದ ಹೌಸ್ ಆಫ್ ಅಷರ್’ ತೆಗೆದೆ. ಆ ಕಥೆಯ ಮೊದಲ ವಾಕ್ಯ ಒಂದರಲ್ಲೇ 60 ಇಂಗ್ಲಿಷ್ ಪದಗಳಿವೆ. ವಾಕ್ಯದ ಕೊನೆ ತಲುಪುವ ಹೊತ್ತಿಗೆ ಶುರು ಮರೆತುಹೋಗಿತ್ತು. ಎರಡು ಪುಟ ಓದಿ ಪುಸ್ತಕ ವಾಪಸ್ ಕೊಟ್ಟೆ. ಮತ್ತೆ ಪೋ ನನ್ನ ಕೈಗೆ ಬಂದಿದ್ದು ಆರು ವರ್ಷದ ಮೇಲೆ. ಅಷ್ಟು ವರ್ಷ ಸುಮ್ನೆ ಹೋಯಿತಲ್ಲ ಎನ್ನುವ ಬೇಸರ ಈಗಲೂ ಇದೆ. ನಿಮಗೆ ಹಾಗಾಗಬಾರದು.

ಪೋ ಬರೆದಿದ್ದು ಸುಮಾರು 70 ಕಥೆಗಳು. ಎಲ್ಲವೂ ಹೆದರಿಸುವ ಕಥೆಗಳಲ್ಲ. ಹಾಸ್ಯ ಇದೆ, ಸಮುದ್ರಯಾನ ಇದೆ, ಪತ್ತೇದಾರಿ ಇದೆ. 1841ರಲ್ಲಿ ಬಂದ ‘ದ ಮರ್ಡರ್ಸ್ ಇನ್ ದ ರೂ ಮಾರ್ಗ್’ ಪತ್ತೇದಾರಿ ಕಥೆಗಳಿಗೆಲ್ಲ ದಾರಿ ಹಾಕಿಕೊಟ್ಟಿತು. ಅದು ಬೇರೆಯದೇ ಮಾತು, ಇಲ್ಲಿ ಬಿಟ್ಟಿದ್ದೇನೆ. ನಾನು ಹೇಳುತ್ತಿರುವುದು ಗೋಥಿಕ್ ಕಥೆಗಳ ಬಗ್ಗೆ. ಪಾಳು ಮನೆ, ನೆಲಮಾಳಿಗೆ, ಹೂತರೂ ಸುಮ್ಮನಿರದ ಸತ್ತವರು, ಹದ ತಪ್ಪಿದ ಮನಸ್ಸು, ಇವೇ ಅವುಗಳ ಜಗತ್ತು. ದೆವ್ವ ಬರುತ್ತದೆ ಎಂದು ಕಾಯಬೇಡಿ. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ದೆವ್ವವೇ ಇಲ್ಲ. ಕಥೆ ಹೇಳುವ ಮನುಷ್ಯನೇ ಭಯ ಹುಟ್ಟಿಸುತ್ತಾನೆ.

ಇನ್ನೊಂದು ಮಾತು. ಸಣ್ಣ ಕಥೆ ಹೇಗಿರಬೇಕು ಎಂದು ಪೋ ತಾನೇ ಹೇಳಿದ್ದಾನೆ. 1842ರಲ್ಲಿ ತನ್ನದೇ ಕಾಲದ ಅಮೆರಿಕನ್ ಕಥೆಗಾರ ನಥಾನಿಯಲ್ ಹಾಥಾರ್ನ್‌ನ ಕಥೆಗಳ ವಿಮರ್ಶೆ ಬರೆಯುತ್ತಾ, ಕಥೆಯನ್ನು ಒಂದೇ ಸಲ ಕೂತು, ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಓದಿ ಮುಗಿಸುವಂತಿರಬೇಕು ಎಂದ. ಓದುಗನ ಮನಸ್ಸಿನ ಮೇಲೆ ಯಾವ ಒಂದು ಪರಿಣಾಮ ಆಗಬೇಕೋ, ಮೊದಲ ವಾಕ್ಯದಿಂದಲೇ ಅದರ ಕಡೆ ನಡೆಯಬೇಕು ಎಂದ. ಹಾಗಾಗಿ ಯಾವ ಕಥೆ ಆರಿಸಿಕೊಂಡರೂ ಅರ್ಧ ಓದಿ, ಫೋನ್ ನೋಡಿ, ನಾಳೆ ಮುಂದುವರಿಸಬೇಡಿ. ಆ ಕಥೆ ಸತ್ತುಹೋಗುತ್ತದೆ. ನಿಮ್ಮ ಬಿಡುವಿಗೆ ತಕ್ಕ ಕಥೆ ಆರಿಸಿಕೊಳ್ಳುವುದು ಇಲ್ಲಿ ನಿಜಕ್ಕೂ ಮುಖ್ಯ.

ಕಾಲು ಗಂಟೆ ಇದ್ದರೆ: ಎದೆಬಡಿತವೋ, ಗೋಡೆಯೋ?

ಹೊಸಬರಿಗೆ ನಾನು ಕೊಡುವುದು ಎರಡೇ ಆಯ್ಕೆ. ‘ದ ಟೆಲ್-ಟೇಲ್ ಹಾರ್ಟ್’, ಅಥವಾ ‘ದ ಕಾಸ್ಕ್ ಆಫ್ ಅಮಾಂಟಿಲಾಡೊ’. ಎರಡೂ ಸುಮಾರು 2,200 ಪದಗಳ ಆಸುಪಾಸು. ಇಂಗ್ಲಿಷ್ ಓದಿ ರೂಢಿ ಇದ್ದವರಿಗೆ ಕಾಲು ಗಂಟೆ, ಇಲ್ಲದವರಿಗೆ ಅರ್ಧ ಗಂಟೆ. ಎರಡರಲ್ಲೂ ಕೊಲೆಗಾರನೇ ಕಥೆ ಹೇಳುತ್ತಾನೆ. ಎರಡರಲ್ಲೂ ಹೆಣ ಮನೆಯೊಳಗೇ ಇರುತ್ತದೆ. ಆದರೆ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಪೂರ್ತಿ ಬೇರೆ.

‘ದ ಟೆಲ್-ಟೇಲ್ ಹಾರ್ಟ್’ 1843ರ ಜನವರಿಯಲ್ಲಿ ಬಂತು. ಅದನ್ನು ಹಾಕಿದ ಪತ್ರಿಕೆ ಮೂರೇ ಸಂಚಿಕೆಗೆ ನಿಂತುಹೋಯಿತು, ಕಥೆ ಮಾತ್ರ ಇಂದಿಗೂ ಬದುಕಿದೆ. ಒಬ್ಬ ಮನುಷ್ಯ, ಅವನಿಗೆ ಹೆಸರಿಲ್ಲ. ಒಬ್ಬ ಮುದುಕನ ಜೊತೆ ಇದ್ದಾನೆ. ಮುದುಕನ ಮೇಲೆ ದ್ವೇಷವಿಲ್ಲ, ಅವನ ದುಡ್ಡೂ ಬೇಡ. ಬೇಡವಾಗಿರುವುದು ಅವನ ಒಂದು ಕಣ್ಣು. ರಣಹದ್ದಿನ ಕಣ್ಣಿನಂಥ, ಪೊರೆ ಬಂದ ತಿಳಿನೀಲಿ ಕಣ್ಣು. ಏಳು ರಾತ್ರಿ, ಸರಿಯಾಗಿ ಮಧ್ಯರಾತ್ರಿಗೆ, ಇವನು ಬಾಗಿಲು ಸರಿಸಿ ತಲೆ ಒಳಗೆ ಹಾಕುತ್ತಾನೆ. ಲಾಂದ್ರದ ಮುಚ್ಚಳವನ್ನು ಜೇಡರ ಎಳೆಯಷ್ಟು ಬೆಳಕು ಬೀಳುವಷ್ಟೇ ತೆರೆಯುತ್ತಾನೆ. ಕಣ್ಣು ಮುಚ್ಚಿರುತ್ತದೆ. ಕಣ್ಣು ಮುಚ್ಚಿದ್ದರೆ ಕೊಲ್ಲಲು ಕೈ ಬರುವುದಿಲ್ಲ. ಎಂಟನೇ ರಾತ್ರಿ ಹೆಬ್ಬೆರಳು ಲಾಂದ್ರದ ತಗಡಿನ ಕೊಂಡಿಯ ಮೇಲೆ ಜಾರುತ್ತದೆ. ಅಷ್ಟೇ ಸದ್ದು. ಮುದುಕ ಎದ್ದು ಕೂತು, ಯಾರದು ಎಂದು ಕೂಗುತ್ತಾನೆ.

ಅಲ್ಲಿಂದ ಪೂರ್ತಿ ಒಂದು ಗಂಟೆ ಇಬ್ಬರೂ ಕತ್ತಲಲ್ಲಿ ಅಲುಗಾಡುವುದಿಲ್ಲ. ಒಬ್ಬ ಹಾಸಿಗೆಯ ಮೇಲೆ, ಇನ್ನೊಬ್ಬ ಬಾಗಿಲ ಸಂದಿಯಲ್ಲಿ. ಆ ಒಂದು ಗಂಟೆಯನ್ನು ಪೋ ಎಷ್ಟು ನಿಧಾನಕ್ಕೆ ಬರೆದಿದ್ದಾನೆಂದರೆ ಓದುವವರ ಉಸಿರೂ ಕಟ್ಟುತ್ತದೆ. ಬೇಸಿಗೆ ರಜೆಯಲ್ಲಿ ಕರೆಂಟ್ ಹೋಗಿದ್ದ ಒಂದು ರಾತ್ರಿ ನನ್ನ ಅಕ್ಕನ ಮಗಳಿಗೆ ಇದನ್ನು ಮೊಬೈಲ್ ಬೆಳಕಿನಲ್ಲಿ ಗಟ್ಟಿಯಾಗಿ ಓದಿ, ಆಗಾಗ ಕನ್ನಡದಲ್ಲಿ ಹೇಳಿದೆ. ಅವಳು ಒಂಬತ್ತನೇ ಕ್ಲಾಸು. ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದ ಹಾಗೆ ಎದೆಬಡಿತ ಕೇಳುತ್ತದೆ ಎನ್ನುವ ಜಾಗಕ್ಕೆ ಬಂದಾಗ ಅವಳು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು, “ಮಾಮ, ಸ್ವಲ್ಪ ನಿಲ್ಲಿಸು” ಎಂದಳು. ಈ ಕಥೆಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಕೇಳಿಲ್ಲ. ವಾಕ್ಯಗಳು ಗಿಡ್ಡ, ಪದಗಳು ಸರಳ. ಗಟ್ಟಿಯಾಗಿ ಓದುವುದಾದರೆ ಇದನ್ನೇ ಆರಿಸಿ.

‘ದ ಕಾಸ್ಕ್ ಆಫ್ ಅಮಾಂಟಿಲಾಡೊ’ ತಣ್ಣಗಿನ ಕಥೆ. 1846ರ ನವೆಂಬರ್‌ನಲ್ಲಿ ಬಂತು. ಇಟಲಿಯ ಒಂದು ಊರು, ಜಾತ್ರೆಯ ಸಂಜೆ. ಮಾಂಟ್ರೆಸರ್ ಎನ್ನುವವನು ಫಾರ್ಚುನಾಟೊ ಎನ್ನುವ ಗೆಳೆಯನನ್ನು, ಅಮಾಂಟಿಲಾಡೊ ಎಂಬ ಅಪರೂಪದ ವೈನ್ ಬಂದಿದೆ, ಅಸಲಿಯೋ ನಕಲಿಯೋ ನೋಡಿ ಹೇಳು ಎಂದು ತನ್ನ ಮನೆಯ ನೆಲಮಾಳಿಗೆಗೆ ಕರೆದೊಯ್ಯುತ್ತಾನೆ. ಗೆಳೆಯ ಹಾಸ್ಯಗಾರನ ವೇಷದಲ್ಲಿದ್ದಾನೆ, ಟೊಪ್ಪಿಗೆಗೆ ಗೆಜ್ಜೆ. ಆಮೇಲೆ ಕರಣೆ, ಗಾರೆ, ಕಲ್ಲು. ಒಂದೊಂದೇ ವರಸೆ ಗೋಡೆ ಏಳುತ್ತದೆ. ಹನ್ನೊಂದನೇ ವರಸೆಯ ಕೊನೆಯ ಕಲ್ಲು ಬಾಕಿ ಇರುವಾಗ ಒಳಗಿನಿಂದ ಬರುವ ಸದ್ದು ಒಂದೇ, ಗೆಜ್ಜೆಯ ಕಿಣಿಕಿಣಿ. ಯಾಕೆ ಕೊಂದ? ಅವಮಾನ ಮಾಡಿದ ಎನ್ನುತ್ತಾನೆ. ಏನು ಅವಮಾನ ಎಂದು ಹೇಳುವುದೇ ಇಲ್ಲ.

ನನ್ನ ಆಯ್ಕೆ ಕೇಳಿದರೆ, ಮೊದಲು ‘ಟೆಲ್-ಟೇಲ್ ಹಾರ್ಟ್’, ಅದೇ ವಾರ ‘ಕಾಸ್ಕ್’. ಆ ಕ್ರಮದಲ್ಲಿ ಓದಿದರೆ ಎರಡೂ ಒಂದಕ್ಕೊಂದು ಮಾತಾಡುತ್ತವೆ. ಮೊದಲನೆಯವನಿಗೆ ಗುಟ್ಟನ್ನು ಬೆಳಗಿನವರೆಗೂ ಇಟ್ಟುಕೊಳ್ಳಲಾಗಲಿಲ್ಲ. ಎರಡನೆಯವನು 50 ವರ್ಷ ಇಟ್ಟುಕೊಂಡ. ಗೋಡೆ ಮುಗಿಯುವ ಹೊತ್ತಿಗೆ ಅವನ ಎದೆಯಲ್ಲಿ ಏನೋ ಕಸಿವಿಸಿಯಾಗುತ್ತದೆ. ನೆಲಮಾಳಿಗೆಯ ತೇವಕ್ಕೆ ಹಾಗಾಯಿತು ಎಂದು ತಾನೇ ಹೇಳಿಕೊಳ್ಳುತ್ತಾನೆ. ಆ ಒಂದು ಸಾಲಿಗಾಗಿ ನಾನು ಈ ಕಥೆಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಒಂದು ಎಚ್ಚರಿಕೆ. ‘ಕಾಸ್ಕ್’ ಮಾತುಮಾತಿನ ಕಥೆ. ಒಬ್ಬರು ಆಡುವ ಮಾತಿಗೆ ಎರಡೆರಡು ಅರ್ಥ. ಬೇಗ ಬೇಗ ಓದಿದರೆ ಅರ್ಧ ಕಥೆ ಕೈಗೆ ಸಿಗುವುದಿಲ್ಲ.

ಒಂದು ಇಡೀ ಸಂಜೆ ಇದ್ದರೆ

ಹೊರಗೆ ಮಳೆ, ಎದ್ದು ಹೋಗುವ ಕೆಲಸವಿಲ್ಲ. ಆಗ ‘ಅಷರ್’ ತೆಗೆಯಬಹುದು. 1839ರ ಸೆಪ್ಟೆಂಬರ್‌ನಲ್ಲಿ ಬಂದ ಕಥೆ, ಸುಮಾರು 7,000 ಪದ. ಘಟನೆ ಕಡಿಮೆ, ವಾತಾವರಣ ಜಾಸ್ತಿ. ಕೆರೆಯ ಪಕ್ಕ ಒಂದು ಹಳೇ ಬಂಗಲೆ, ಗೋಡೆಯಲ್ಲಿ ಕಂಡೂ ಕಾಣದ ಒಂದು ಬಿರುಕು. ಒಳಗೆ ಅಣ್ಣ ತಂಗಿ, ಅವಳಿ ಮಕ್ಕಳು, ವಂಶದಲ್ಲಿ ಉಳಿದಿರುವವರು ಅವರಿಬ್ಬರೇ. ಸತ್ತಳೆಂದು ತಂಗಿಯನ್ನು ನೆಲಮಾಳಿಗೆಯಲ್ಲಿ ಇಟ್ಟು ಬರುತ್ತಾರೆ. ಅಣ್ಣನ ಕಿವಿಯೋ ವಿಪರೀತ ಸೂಕ್ಷ್ಮ. ಅವನಿಗೆ ಏನು ಕೇಳಿಸುತ್ತಿದೆ, ಎಷ್ಟು ದಿನದಿಂದ ಕೇಳಿಸುತ್ತಿದೆ ಎನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ. ಗೋಥಿಕ್ ಎಂದರೆ ಏನು ಎಂದು ಒಂದೇ ಕಥೆಯಲ್ಲಿ ತೋರಿಸಬೇಕಾದರೆ ಇದೇ. ಆದರೆ ಮೊದಲ ಕಥೆಯಾಗಿ ಬೇಡ. ಪೋನ ದನಿ ಕಿವಿಗೆ ಹೊಂದಿಕೊಂಡ ಮೇಲೆ ಆ 60 ಪದಗಳ ವಾಕ್ಯವೇ ಹಿತವಾಗುತ್ತದೆ. ಮನೆಯ ಕಡೆ ನಿಧಾನಕ್ಕೆ ನಡೆಯುವ ಕುದುರೆಯ ಹೆಜ್ಜೆ ಅದರಲ್ಲಿ ಕೇಳುತ್ತದೆ.

ಅಷ್ಟು ಹೊತ್ತಿಲ್ಲ, ಆದರೂ ಅಂಥದೇ ದಟ್ಟ ಬಣ್ಣ ಬೇಕು ಎನ್ನುವವರಿಗೆ ‘ದ ಮಾಸ್ಕ್ ಆಫ್ ದ ರೆಡ್ ಡೆತ್’. ಇದೂ ಸುಮಾರು 2,400 ಪದ ಅಷ್ಟೇ. ನಾಡಿನಲ್ಲಿ ಸಾಂಕ್ರಾಮಿಕ ರೋಗ. ರಾಜಕುಮಾರ ಪ್ರಾಸ್ಪೆರೊ ಸಾವಿರ ಜನ ಗೆಳೆಯರನ್ನು ಕಟ್ಟಿಕೊಂಡು ಕೋಟೆಯಂಥ ಮಠದೊಳಗೆ ಸೇರಿ, ಬಾಗಿಲಿನ ಚಿಲಕಗಳನ್ನು ಬೆಸುಗೆ ಹಾಕಿಸುತ್ತಾನೆ. ಹೊರಗಿನವರ ಪಾಡು ಹೊರಗಿನವರಿಗೆ. ಒಳಗೆ ಏಳು ಕೋಣೆ, ಏಳು ಬಣ್ಣ. ಕೊನೆಯದು ಕಪ್ಪು, ಅದರ ಕಿಟಕಿ ಗಾಜು ಮಾತ್ರ ರಕ್ತಕೆಂಪು. ಅಲ್ಲಿರುವ ಗಡಿಯಾರ ಗಂಟೆ ಹೊಡೆದಾಗಲೆಲ್ಲ ಕುಣಿಯುವವರು ನಿಲ್ಲುತ್ತಾರೆ, ವಾದ್ಯದವರು ನಿಲ್ಲುತ್ತಾರೆ. ಸದ್ದು ಅಡಗಿದ ಮೇಲೆ ಎಲ್ಲರೂ ನಕ್ಕು ಮತ್ತೆ ಶುರು ಮಾಡುತ್ತಾರೆ. 2020ರಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ನಮಗೆ ಈ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಪಾತ್ರಗಳ ಒಳಮನಸ್ಸು ಬೇಕು ಎನ್ನುವವರಿಗೆ ಮಾತ್ರ ಇದು ರುಚಿಸದೇ ಇರಬಹುದು. ಇಲ್ಲಿ ಮನುಷ್ಯರು ಚಿತ್ರಪಟದಲ್ಲಿರುವಂತೆ ಇದ್ದಾರೆ.

‘ಲೈಜೀಯಾ’ 1838ರದ್ದು. ತೀರಿಕೊಂಡ ಮೊದಲ ಹೆಂಡತಿ ಎರಡನೆಯವಳ ಹೆಣದಲ್ಲಿ ಎದ್ದು ಬರುವ ಕಥೆ. ತನ್ನ ಕಥೆಗಳಲ್ಲೆಲ್ಲ ಇದೇ ಉತ್ತಮ ಎಂದು ಪೋ ಪತ್ರದಲ್ಲಿ ಬರೆದುಕೊಂಡಿದ್ದ. ನಾನು ಒಪ್ಪುವುದಿಲ್ಲ. ವರ್ಣನೆ ವಿಪರೀತವಾಯಿತು ಅನಿಸುತ್ತದೆ. ‘ಅಷರ್’ ಇಷ್ಟವಾದವರು ಆಮೇಲೆ ನೋಡಲಿ.

ಭಯ ಬೇಕು, ಆದರೆ ಕೊನೆಗೆ ಉಸಿರು ಬಿಡುವಂತಿರಲಿ ಎನ್ನುವವರಿಗೆ ‘ದ ಪಿಟ್ ಅಂಡ್ ದ ಪೆಂಡುಲಮ್’. ಸ್ಪೇನಿನ ಟೊಲೆಡೊ ಸೆರೆಮನೆ. ಕಟ್ಟಿಹಾಕಿದವನ ಎದೆಯ ಕಡೆಗೆ ಮೇಲಿನಿಂದ ಇಂಚಿಂಚೇ ಇಳಿಯುವ ಹರಿತವಾದ ಲೋಲಕ. ಕಟ್ಟಿದ ಪಟ್ಟಿಗೆ ಊಟದ ಜಿಡ್ಡು ಸವರಿ ಇಲಿಗಳಿಂದ ಅದನ್ನು ಕಚ್ಚಿಸಿ ಬಿಡಿಸಿಕೊಳ್ಳುತ್ತಾನೆ. ಇಲ್ಲಿ ಹೇಳಿರುವ ಕಥೆಗಳಲ್ಲಿ ಕೊನೆಗೆ ಯಾರೋ ಬಂದು ಕೈ ಹಿಡಿಯುವುದು ಇದೊಂದರಲ್ಲೇ.

ಬದುಕನ್ನು ಮೊದಲು ತಿಳಿಯಬೇಕೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ಪೋ ಕುಡುಕ, ಹುಚ್ಚ, ಅವನ ಕಥೆಗಳು ಅವನದೇ ತಪ್ಪೊಪ್ಪಿಗೆ ಎಂದು ಎಲ್ಲೋ ಓದಿರುತ್ತೀರಿ. ದಯವಿಟ್ಟು ಅದನ್ನು ಇಟ್ಟುಕೊಂಡು ಕಥೆಗೆ ಹೋಗಬೇಡಿ. ಆ ಚಿತ್ರ ಎಲ್ಲಿಂದ ಬಂತು ಎನ್ನುವುದು ಗೊತ್ತಿರಬೇಕು.

ಪೋ ಹುಟ್ಟಿದ್ದು 1809ರ ಜನವರಿ 19ರಂದು, ಬಾಸ್ಟನ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ನಾಟಕದವರು. ಅಪ್ಪ ಬಿಟ್ಟುಹೋದ. 1811ರ ಡಿಸೆಂಬರ್‌ನಲ್ಲಿ ಅಮ್ಮ ಕ್ಷಯದಿಂದ ತೀರಿಕೊಂಡಳು. ಮಗುವಿಗೆ ಮೂರು ವರ್ಷವೂ ತುಂಬಿರಲಿಲ್ಲ. ರಿಚ್ಮಂಡ್‌ನ ಹೊಗೆಸೊಪ್ಪಿನ ವ್ಯಾಪಾರಿ ಜಾನ್ ಅಲನ್ ಮನೆಗೆ ಸೇರಿಸಿಕೊಂಡ, ಆದರೆ ಕಾನೂನು ಪ್ರಕಾರ ದತ್ತು ತೆಗೆದುಕೊಳ್ಳಲೇ ಇಲ್ಲ. ವಿಶ್ವವಿದ್ಯಾಲಯದಲ್ಲಿ ಜೂಜಿನ ಸಾಲ, ಸಾಕುತಂದೆಯ ಜೊತೆ ಜಗಳ, ಸೈನ್ಯದಲ್ಲಿ ಸುಳ್ಳು ಹೆಸರು. ಸಾಕುತಾಯಿ 1829ರಲ್ಲಿ ತೀರಿಕೊಂಡಳು, ಅಣ್ಣ 1831ರಲ್ಲಿ. 1834ರಲ್ಲಿ ಜಾನ್ ಅಲನ್ ಸತ್ತಾಗ ಉಯಿಲಿನಲ್ಲಿ ಇವನಿಗೆ ಒಂದು ಕಾಸೂ ಇರಲಿಲ್ಲ. ಬರವಣಿಗೆಯಿಂದಲೇ ಹೊಟ್ಟೆ ಹೊರೆಯುತ್ತೇನೆ ಎಂದು ಹೊರಟವನ ಮೊದಲ ಕಥಾಸಂಕಲನಕ್ಕೆ ಪ್ರಕಾಶಕರು ಕೊಟ್ಟಿದ್ದು ಹಣವಲ್ಲ, 20 ಪ್ರತಿ ಪುಸ್ತಕ.

1849ರ ಅಕ್ಟೋಬರ್ 3ರಂದು ಬಾಲ್ಟಿಮೋರ್‌ನ ಒಂದು ಹೆಂಡದಂಗಡಿಯ ಬಳಿ, ತನ್ನದಲ್ಲದ ಬಟ್ಟೆಯಲ್ಲಿ, ಅರೆಪ್ರಜ್ಞೆಯಲ್ಲಿ ಸಿಕ್ಕಿದ. 7ರಂದು ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 40. ಸಾವಿಗೆ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ. ಎರಡೇ ದಿನಕ್ಕೆ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಲುಡ್ವಿಗ್ ಎಂಬ ಹೆಸರಿನಲ್ಲಿ ಒಂದು ಸಾವಿನ ಬರಹ ಬಂತು. ಇವನ ಸಾವಿಗೆ ದುಃಖಪಡುವವರು ಕಡಿಮೆ ಎಂದು ಅದರಲ್ಲಿತ್ತು. ಬರೆದವನು ರೂಫಸ್ ಗ್ರಿಸ್ವೋಲ್ಡ್, ಪೋನ ಹಳೆಯ ಎದುರಾಳಿ. ಅವನೇ ಮುಂದೆ ಪೋನ ಬರಹಗಳನ್ನು ಸಂಪಾದಿಸಿ, ಜೊತೆಗೆ ಜೀವನಚರಿತ್ರೆಯನ್ನೂ ಸೇರಿಸಿದ. ಪೋನ ಪತ್ರಗಳಲ್ಲಿ ಪೋ ಬರೆಯದ ಸಾಲುಗಳನ್ನು ತುರುಕಿದ. ಅದು ಪತ್ರ ಪತ್ರ ಹೋಲಿಸಿ ಪೂರ್ತಿ ಬಯಲಾಗಿದ್ದು 1941ರಲ್ಲಿ, ಆರ್ಥರ್ ಹಾಬ್ಸನ್ ಕ್ವಿನ್ ಬರೆದ ಜೀವನಚರಿತ್ರೆಯಲ್ಲಿ. ತೊಂಬತ್ತು ವರ್ಷ ಒಬ್ಬ ಸತ್ತವನ ಬಾಯಲ್ಲಿ ಅವನದಲ್ಲದ ಮಾತು ಕೂತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕುಡಿತ ಇತ್ತು, ಸುಳ್ಳಲ್ಲ. ಬಿಡಬೇಕೆಂದು ಒದ್ದಾಡಿದ್ದೂ ನಿಜ. ಸಾಯುವ ಸುಮಾರು ಆರು ವಾರ ಮೊದಲು ರಿಚ್ಮಂಡ್‌ನಲ್ಲಿ ಮದ್ಯ ಬಿಡುವವರ ಸಂಘಕ್ಕೆ ಸೇರಿ ಪ್ರಮಾಣ ಮಾಡಿದ್ದ. ಆದರೆ ಈ ಕಥೆಗಳನ್ನು ಒಂದು ಸಲ ಸರಿಯಾಗಿ ನೋಡಿ. ಎದೆಬಡಿತದ ಆ ಒಂದು ಗಂಟೆ, ಗೋಡೆಯ ಆ ಹನ್ನೊಂದು ವರಸೆ, ಇವು ಅಮಲಿನಲ್ಲಿ ಬರುವ ಕೆಲಸವಲ್ಲ. ಅಕ್ಕಸಾಲಿ ಗುಂಜಿ ತೂಗಿದ ಹಾಗೆ ಪದ ತೂಗಿದ ಕೆಲಸ.

ಹಾಗಾಗಿ ನನ್ನ ಸಲಹೆ, ಕಥೆ ಮೊದಲು, ಬದುಕು ಆಮೇಲೆ. ಬದುಕೂ ಕಥೆಯೂ ಜೊತೆಗೇ ಬೇಕು ಎನ್ನುವವರಿಗೆ ‘ವಿಲಿಯಂ ವಿಲ್ಸನ್’ ಇದೆ. ಪೋ ಬಾಲ್ಯದಲ್ಲಿ ಐದು ವರ್ಷ ಇಂಗ್ಲೆಂಡಿನಲ್ಲಿದ್ದ. ಅಲ್ಲಿನ ಶಾಲೆ, ಹೆಡ್‌ಮಾಸ್ಟರ್ ಬ್ರಾನ್ಸ್‌ಬಿ ಅವರ ನಿಜ ಹೆಸರು, ತನ್ನದೇ ಹುಟ್ಟಿದ ದಿನ, ಎಲ್ಲವನ್ನೂ ಈ ಕಥೆಗೆ ಹಾಕಿದ್ದಾನೆ. ತನ್ನ ಹಾಗೇ ಇರುವ ಇನ್ನೊಬ್ಬ ಬೆನ್ನುಬಿದ್ದವನ ಕಥೆ. ಬದುಕಿನಿಂದ ಏನು ತೆಗೆದುಕೊಂಡ, ಎಲ್ಲಿ ಕೈಬಿಟ್ಟು ಕಲ್ಪನೆಗೆ ಹೊರಟ ಎಂದು ಗೆರೆ ಹಾಕಿ ನೋಡಬಹುದು.

ಕಪ್ಪು ಬೆಕ್ಕು, ಕೊನೆಗೆ

‘ದ ಬ್ಲ್ಯಾಕ್ ಕ್ಯಾಟ್’ ಬಂದಿದ್ದು 1843ರ ಆಗಸ್ಟ್‌ನಲ್ಲಿ. ಸುಮಾರು 4,000 ಪದ, ಭಾಷೆ ಕಷ್ಟವಿಲ್ಲ. ಹಾಗೆಂದು ಇದನ್ನು ಮೊದಲು ಕೊಡಬೇಡಿ, ಅದರಲ್ಲೂ ಮಕ್ಕಳಿಗೆ. ಪ್ರಾಣಿಗಳೆಂದರೆ ಜೀವ ಬಿಡುವ ಒಬ್ಬ, ಕುಡಿತಕ್ಕೆ ಬಿದ್ದು ತನ್ನ ಮುದ್ದಿನ ಬೆಕ್ಕಿನ ಕಣ್ಣು ಕೀಳುತ್ತಾನೆ, ಆಮೇಲೆ ನೇಣು ಹಾಕುತ್ತಾನೆ. ಹೆಂಡತಿಯ ಗತಿಯೂ ಒಳ್ಳೆಯದಾಗುವುದಿಲ್ಲ. ಇಲ್ಲೂ ಗೋಡೆ ಇದೆ, ಇಲ್ಲೂ ಸಿಕ್ಕಿಬೀಳುವುದು ಒಂದು ಸದ್ದಿನಿಂದಲೇ. ‘ಟೆಲ್-ಟೇಲ್ ಹಾರ್ಟ್’ನಲ್ಲಿ ಹಿಂಸೆ ಒಂದೇ ಕ್ಷಣದ್ದು. ಇಲ್ಲಿ ಅದು ಮನೆಯೊಳಗೆ ವರ್ಷಗಟ್ಟಲೆ ಬೆಳೆಯುತ್ತದೆ, ನಾವು ದಿನಾ ಕೇಳುವ ಸುದ್ದಿಗಳ ಹಾಗೆ. ಬೆಕ್ಕು ನಾಯಿ ಸಾಕಿದವರಿಗೆ, ಮನೆಯಲ್ಲಿ ಕುಡಿತದ ಹೊಡೆತ ಕಂಡವರಿಗೆ ಇದು ತುಂಬಾ ನೋಯಿಸುತ್ತದೆ. ಬಿಟ್ಟರೂ ತಪ್ಪಿಲ್ಲ.

ಓದುವುದೇ ಆದರೆ, ಅದಕ್ಕೆ ಮೊದಲು ಇನ್ನೊಂದು ಬೆಕ್ಕಿನ ಬಗ್ಗೆ ತಿಳಿದುಕೊಳ್ಳಿ. ಪೋ 1836ರಲ್ಲಿ ತನ್ನ ಸೋದರತ್ತೆಯ ಮಗಳು ವರ್ಜೀನಿಯಾಳನ್ನು ಮದುವೆಯಾದ. ಅವನಿಗೆ 27, ಅವಳಿಗೆ 13. ಇಂದು ನಮಗೆ ಇದು ಒಪ್ಪಿಗೆಯಾಗುವುದಿಲ್ಲ, ಆಗಬಾರದು ಕೂಡ. 1842ರ ಜನವರಿಯಲ್ಲಿ ಹಾಡುತ್ತಿರುವಾಗ ಅವಳ ಬಾಯಿಂದ ರಕ್ತ ಬಂತು. ಪೋನ ಅಮ್ಮನನ್ನು ಕೊಂದ ಕ್ಷಯವೇ. ನಾಲ್ಕು ತಿಂಗಳಿಗೆ ‘ರೆಡ್ ಡೆತ್’ ಅಚ್ಚಾಯಿತು. ಐದು ವರ್ಷ ಅವಳು ಹುಷಾರಾಗುತ್ತಾ, ಮತ್ತೆ ಬೀಳುತ್ತಾ ಇದ್ದಳು.

1846ರಲ್ಲಿ ಅವರು ನ್ಯೂಯಾರ್ಕಿನ ಫೋರ್ಡಮ್‌ನಲ್ಲಿ ಒಂದು ಪುಟ್ಟ ಮನೆಯಲ್ಲಿದ್ದರು. ಆ ಮನೆ ಈಗಲೂ ಬ್ರಾಂಕ್ಸ್‌ನಲ್ಲಿದೆ. ಆ ಚಳಿಗಾಲದ ಶುರುವಿನಲ್ಲೇ ‘ಕಾಸ್ಕ್’ ಅಚ್ಚಾಗಿದ್ದು. ಅದರಲ್ಲಿ ಫಾರ್ಚುನಾಟೊ ನೆಲಮಾಳಿಗೆಯ ತೇವಕ್ಕೆ ಕೆಮ್ಮುವ ಒಂದು ಜಾಗವಿದೆ. ಪೋ ಆ ಕೆಮ್ಮನ್ನು ಸಾಲಾಗಿ ಹದಿನೈದು ಸಲ ಅಕ್ಷರದಲ್ಲಿ ಬರೆದಿದ್ದಾನೆ. ಕೆಮ್ಮಿನಿಂದ ನಾನೇನೂ ಸಾಯುವುದಿಲ್ಲ ಎಂದು ಫಾರ್ಚುನಾಟೊ ಹೇಳುತ್ತಾನೆ, ನಿಜ, ನಿಜ ಎನ್ನುತ್ತಾನೆ ಮಾಂಟ್ರೆಸರ್. ಓದುಗರಿಗೆ ಅದು ಎರಡು ಅರ್ಥದ ಮಾತು. ಬರೆದವನಿಗೆ ಆ ಸದ್ದು ಪಕ್ಕದ ಹಾಸಿಗೆಯಿಂದ ದಿನವೂ ಕೇಳುತ್ತಿತ್ತು.

ಆ ಮನೆಗೆ ಬಂದುಹೋದ ಮೇರಿ ಗೋವ್ ನಿಕೋಲ್ಸ್ ಎಂಬ ಲೇಖಕಿ ತಾನು ಕಂಡಿದ್ದನ್ನು ಬರೆದಿಟ್ಟಿದ್ದಾಳೆ. ವರ್ಜೀನಿಯಾ ಹುಲ್ಲಿನ ಹಾಸಿಗೆಯ ಮೇಲೆ ಮಲಗಿದ್ದಳು. ಹೊದೆಯಲು ಕಂಬಳಿ ಇರಲಿಲ್ಲ. ಗಂಡನ ದೊಡ್ಡ ಕೋಟು ಹೊದಿಸಿದ್ದರು. ಎದೆಯ ಮೇಲೆ ಅವರ ಮನೆಯ ಬೆಕ್ಕು ಮಲಗಿತ್ತು, ಕ್ಯಾಟರೀನಾ ಎಂದು ಅದರ ಹೆಸರು. ಕೋಟು, ಬೆಕ್ಕು, ಅವಳಿಗೆ ಬಿಸಿ ಅಂತ ಇದ್ದದ್ದು ಅಷ್ಟೇ. ಗಂಡ ಅವಳ ಕೈ ಹಿಡಿದು ಕೂರುತ್ತಿದ್ದ, ಅವಳ ತಾಯಿ ಕಾಲು ಹಿಡಿದು ಕೂರುತ್ತಿದ್ದಳು. 1847ರ ಜನವರಿ 30ರಂದು ವರ್ಜೀನಿಯಾ ಹೋದಳು. ಅವಳಿಗೆ 24 ವರ್ಷ.

ಪೋ ಕಥೆಗಳಿಗೆ ಈಗ ಹಕ್ಕುಸ್ವಾಮ್ಯ ಇಲ್ಲ. ಅಂತರ್ಜಾಲದಲ್ಲಿ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಎಲ್ಲವೂ ಪುಕ್ಕಟೆ ಸಿಗುತ್ತವೆ, ಲಿಬ್ರಿವಾಕ್ಸ್‌ನಲ್ಲಿ ಓದಿದ ಧ್ವನಿಯೂ ಇದೆ. ಇವತ್ತು ರಾತ್ರಿಗೆ ‘ಟೆಲ್-ಟೇಲ್ ಹಾರ್ಟ್’ ಸಾಕು. ಕಪ್ಪು ಬೆಕ್ಕಿನ ಕಥೆಯನ್ನು ಮುಂದೆ ಯಾವತ್ತಾದರೂ ತೆಗೆದಾಗ, ಆ ಕೋಟಿನ ಮೇಲೆ ಮುದುರಿ ಮಲಗಿದ್ದ ಕ್ಯಾಟರೀನಾ ನಿಮಗೆ ನೆನಪಿರಲಿ.